ವೈಪರ್ ಹೊದಿಕೆಯಡಿ ಸಿಕ್ಕಿಕೊಂಡಿರುವ ಕಾರಿನ ಬ್ಯಾಟರಿ: ಮನೆಯಲ್ಲೇ ಬದಲಿಸಬಹುದೇ?

ನಿಟ್ಟುವಳ್ಳಿ ನಿವಾಸಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಮಾದರಿಯ ಡೀಸೆಲ್ ಹ್ಯಾಚ್‌ಬ್ಯಾಕ್. ಮೊದಲ ಮಾಲೀಕರಿಂದ ನೇರವಾಗಿ ಕೊಂಡದ್ದು. ಹೆಚ್ಚಿನ ಕಾರುಗಳಲ್ಲಿ ಬಾನೆಟ್ ಎತ್ತಿದೊಡನೆ ಬ್ಯಾಟರಿ ಒಂದು ಮೂಲೆಯಲ್ಲಿ ಕಣ್ಣಿಗೆ ಬೀಳುತ್ತದೆ. ಇದರಲ್ಲಿ ಹಾಗಿಲ್ಲ. ಇಂಜಿನ್ನಿಗೂ ಮುಂಗಾಜಿಗೂ ನಡುವೆ ಇರುವ ಗೋಡೆಗೆ ಒತ್ತಿಕೊಂಡಂತೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಅದನ್ನು ಕೂರಿಸಿದ್ದಾರೆ. ಹಿಂದಿನ ಅರ್ಧ ಭಾಗ ವೈಪರ್‌ಗಳು ನಿಂತಿರುವ ಕಪ್ಪು ಹೊದಿಕೆಯ ಕೆಳಗೆ ಮರೆಯಾಗಿದೆ. ಮುಂದಿನ ಅರ್ಧಕ್ಕೆ ಏರ್ ಫಿಲ್ಟರಿನ ಕೊಳವೆ ಅಡ್ಡವಾಗಿದೆ. ಕೈ ಹಾಕಿದರೆ ಒಂದು ಟರ್ಮಿನಲ್ ಮಾತ್ರ ಬೆರಳಿಗೆ ತಗಲುತ್ತದೆ, ಇನ್ನೊಂದು ಕಾಣುವುದೂ ಇಲ್ಲ.

ಇತ್ತೀಚೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಇಂಜಿನ್ ಬಹಳ ನಿಧಾನವಾಗಿ ತಿರುಗುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿದರೆ ರಾತ್ರಿಯಿಡೀ ನಿಂತ ಕಾರಿನಲ್ಲಿ 12.1 ವೋಲ್ಟ್ ಬರುತ್ತಿದೆ. ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ 8.5ರ ಆಸುಪಾಸಿಗೆ ಇಳಿಯುತ್ತದೆ. ನಮ್ಮ ದಾವಣಗೆರೆಯ ಪಿ.ಬಿ. ರಸ್ತೆಯ ಕಡೆ ಒಬ್ಬ ಬ್ಯಾಟರಿಯವರನ್ನು ವಿಚಾರಿಸಿದಾಗ, "ಇದು ಬಿಚ್ಚುವ ಕೆಲಸ ಜಾಸ್ತಿ ಇರುವ ಗಾಡಿ" ಎಂದು ಹೇಳಿ, ಹೊಸ ಬ್ಯಾಟರಿಯ ಬೆಲೆಯ ಕಾಲು ಭಾಗದಷ್ಟು ಕೂಲಿಯನ್ನು ಪ್ರತ್ಯೇಕವಾಗಿ ಕೇಳಿದರು. ನನ್ನ ಬಳಿ ಒಂದು ಸಾಕೆಟ್ ಸೆಟ್, ಎಕ್ಸ್‌ಟೆನ್ಷನ್ ಕಡ್ಡಿ, ಮಲ್ಟಿಮೀಟರ್ ಇವೆ. ಇಂಥ ಜಾಗದಲ್ಲಿರುವ ಬ್ಯಾಟರಿಯನ್ನು ಮನೆಯಲ್ಲೇ ಬದಲಿಸಿದವರು ಇದ್ದರೆ, ಎಲ್ಲಿಂದ ಆರಂಭಿಸಬೇಕು, ಯಾವುದರಲ್ಲಿ ಎಚ್ಚರ ಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಹಳೇ ಮಿಲ್ ಫಿಟ್ಟರ್

ಬದಲಿಸುವ ಮಾತು ಆಮೇಲೆ. ಕೆಟ್ಟಿರುವುದು ಬ್ಯಾಟರಿಯೇ ಎಂಬುದು ಮೊದಲು ಖಚಿತವಾಗಲಿ. ಅಷ್ಟೆಲ್ಲಾ ಬಿಚ್ಚಿ ಹೊಸದನ್ನು ಕೂರಿಸಿದ ಮೇಲೆ ದೋಷ ಬೇರೆಲ್ಲೋ ಇತ್ತೆಂದು ತಿಳಿದರೆ ಹಣವೂ ಹೋಯಿತು, ಶ್ರಮವೂ ಹೋಯಿತು.

ಸೀಸ ಮತ್ತು ಆಮ್ಲದ ಈ ಬ್ಯಾಟರಿಯೊಳಗೆ ಆರು ಕೋಶಗಳಿವೆ. ಪೂರ್ತಿ ತುಂಬಿದ ಒಂದೊಂದೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಹಾಗಾಗಿ ಕೆಲವು ಗಂಟೆ ವಿಶ್ರಾಂತಿ ಪಡೆದ ಒಳ್ಳೆಯ ಬ್ಯಾಟರಿ 12.6 ಅಥವಾ 12.7 ತೋರಿಸಬೇಕು. 12.4 ಇದ್ದರೆ ಮುಕ್ಕಾಲು ತುಂಬಿದೆ, 12.2 ಇದ್ದರೆ ಅರ್ಧ ಎಂದು ಸ್ಥೂಲವಾಗಿ ಹೇಳಬಹುದು. ನಿಮ್ಮದು ಅರ್ಧಕ್ಕಿಂತ ಕೆಳಗಿದೆ. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಇಳಿಯುವುದು ಒಳ್ಳೆಯ ಲಕ್ಷಣವಲ್ಲ ಎಂಬುದು ನಿಜ, ಆದರೆ ಅರ್ಧ ಖಾಲಿಯಾದ ಆರೋಗ್ಯವಂತ ಬ್ಯಾಟರಿಯೂ ಹಾಗೆ ಇಳಿಯಬಲ್ಲದು. ಆದ್ದರಿಂದ ಮೂರು ಸಂಗತಿಗಳನ್ನು ಬೇರ್ಪಡಿಸಿ ನೋಡಿ.

ಇಂಜಿನ್ ಓಡುತ್ತಿರುವಾಗ ವೋಲ್ಟೇಜ್ 13.8ರಿಂದ 14.5ರ ನಡುವೆ ಇದ್ದರೆ, ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಎರಡನೆಯದು ಸಂಪರ್ಕ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಕಂಬದ (ಟರ್ಮಿನಲ್ಲಿನ) ನೆತ್ತಿಯ ಮೇಲೂ ಇನ್ನೊಂದನ್ನು ಆ ಕಂಬವನ್ನು ಹಿಡಿದ ಕ್ಲಾಂಪಿನ ಮೇಲೂ ಇಟ್ಟು, ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ. ಆ ಗಳಿಗೆಯಲ್ಲಿ ಅರ್ಧ ವೋಲ್ಟಿನಷ್ಟು ವ್ಯತ್ಯಾಸ ಕಂಡರೆ ದೋಷ ಬ್ಯಾಟರಿಯದ್ದಲ್ಲ, ನಡುವೆ ಬೆಳೆದ ಬಿಳಿಯ ಹುಡಿಯದ್ದು. ಮೂರನೆಯದು ಸೋರಿಕೆ. ಕಾರು ಬೀಗ ಹಾಕಿ ಅರ್ಧ ಗಂಟೆ ಬಿಟ್ಟ ಮೇಲೆ ಋಣ ಕೇಬಲ್ಲಿನಲ್ಲಿ ಹರಿಯುವ ಕರೆಂಟು 50 ಮಿಲಿಆಂಪಿಯರ್ ದಾಟಬಾರದು. ಅಷ್ಟೇ ಇದ್ದರೂ ದಿನಕ್ಕೆ 1.2 ಆಂಪಿಯರ್-ಗಂಟೆ ಖರ್ಚಾಗುತ್ತದೆ ಎಂದಮೇಲೆ, ಅದರ ಹತ್ತು ಪಟ್ಟು ಸೋರುತ್ತಿದ್ದರೆ ಹೊಸ ಬ್ಯಾಟರಿಯೂ ವಾರದೊಳಗೆ ಮಲಗುತ್ತದೆ. ಇದನ್ನು ಅಳೆಯಲು ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿಟ್ಟು, ಕಳಚಿದ ಋಣ ಕೇಬಲ್ಲಿಗೂ ಕಂಬಕ್ಕೂ ನಡುವೆ ಸರಣಿಯಲ್ಲಿ ಜೋಡಿಸಿದ್ದಾಗ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬೇಡಿ. ಮೀಟರಿನ ಫ್ಯೂಸ್ ಹೋಗುತ್ತದೆ.

ದುರ್ಗದ ಎಲೆಕ್ಟ್ರಿಷಿಯನ್

ಫಿಟ್ಟರ್ ಅವರು ಹೇಳಿದ ಪರೀಕ್ಷೆಗಳೆಲ್ಲ ಸರಿ. ಒಂದು ಮಾತು ಸೇರಿಸುತ್ತೇನೆ. ಜನ ಚಳಿಗಾಲದಲ್ಲಿ ಬ್ಯಾಟರಿ ಸಾಯುತ್ತದೆ ಎಂದು ಓದಿರುತ್ತಾರೆ. ನಮ್ಮ ದಾವಣಗೆರೆ, ಚಿತ್ರದುರ್ಗದ ಸೀಮೆಯಲ್ಲಿ ಅದನ್ನು ಕೊಲ್ಲುವುದು ಬೇಸಿಗೆ. ಚಳಿಯ ಬೆಳಗು ಅದನ್ನು ತೋರಿಸಿಕೊಡುತ್ತದೆ ಅಷ್ಟೆ. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿಯ ಸಮೀಪ ಇರುವಾಗ ಬಾನೆಟ್ಟಿನ ಒಳಗಿನ ಶಾಖ ಅದಕ್ಕಿಂತ ಬಹಳ ಮೇಲಿರುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿಯಷ್ಟು ಏರಿದಂತೆ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ನಮ್ಮ ಕಸುಬಿನವರು ನಂಬುವ ಲೆಕ್ಕ: ಧನ ಫಲಕದ ಜಾಲರಿ ಬೇಗ ಸವೆಯುತ್ತದೆ, ನೀರು ಆವಿಯಾಗುತ್ತದೆ. ನಿಮ್ಮ ಕಾರಿನಲ್ಲಿ ಬ್ಯಾಟರಿಯ ಸುತ್ತ ಪೆಟ್ಟಿಗೆಯೋ ಬಟ್ಟೆಯಂಥ ಕವಚವೋ ಇದ್ದರೆ ಅದು ಇರುವುದು ಇಂಜಿನ್ನಿನ ಶಾಖ ತಡೆಯಲಿಕ್ಕೆ. "ಜಾಗ ಸಾಲದು" ಎಂದು ಅದನ್ನು ಕಿತ್ತು ಬಿಸಾಡಿದ ಕಾರುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ನೀವು ಹಾಗೆ ಮಾಡಬೇಡಿ.

ಮನೆಯಲ್ಲಿ ಮಾಡುವ ಬಗ್ಗೆ ನನಗೆ ಸ್ವಲ್ಪ ಹಿಂಜರಿಕೆಯಿದೆ. ನೇರವಾಗಿ ಸಿಗುವ ಬ್ಯಾಟರಿಯಾದರೆ ಯಾರು ಬೇಕಾದರೂ ಬದಲಿಸಬಹುದು. ಇಂಥ ಇಕ್ಕಟ್ಟಿನಲ್ಲಿ ಸ್ಪ್ಯಾನರ್ ತಿರುಗಿಸುವಾಗ ಅದರ ಇನ್ನೊಂದು ತುದಿ ಕಬ್ಬಿಣಕ್ಕೆ ತಗಲದೆ ಇರುವುದೇ ಕಷ್ಟ.

ನಿಟ್ಟುವಳ್ಳಿ ನಿವಾಸಿ

ಪರೀಕ್ಷೆಗಳನ್ನು ಮಾಡಿದೆ. ಇಂಜಿನ್ ಓಡುವಾಗ 14.2 ವೋಲ್ಟ್ ಇದೆ. ಕಂಬಕ್ಕೂ ಕ್ಲಾಂಪಿಗೂ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸೋರಿಕೆ 30 ಮಿಲಿಆಂಪಿಯರಿಗಿಂತ ಕಡಿಮೆ. ಬಳಿಕ ಹೈವೇಯಲ್ಲಿ ಹರಿಹರದ ಆಚೆಗೂ ಹೋಗಿ ಬಂದು, ಚಾರ್ಜ್ ಆಗಲು ಸಾಕಷ್ಟು ಸಮಯ ಕೊಟ್ಟೆ. ಆದರೂ ಮರುದಿನ ಬೆಳಿಗ್ಗೆ ಅದೇ 12.1. ಅಂಗಡಿಯೊಂದರಲ್ಲಿ ಲೋಡ್ ಟೆಸ್ಟರ್ (ಭಾರೀ ಕರೆಂಟು ಎಳೆದು ಪರೀಕ್ಷಿಸುವ ಸಾಧನ) ಹಾಕಿ ನೋಡಿದವರು ಬದಲಿಸುವುದೇ ಸರಿ ಎಂದರು. ಮೇಲಿನ ಮುದ್ರೆಯ ಪ್ರಕಾರ ಈ ಬ್ಯಾಟರಿಗೆ ಐದು ವರ್ಷ ತುಂಬಿದೆ. ಇನ್ನು ಅದರಿಂದ ಕೆಲಸ ನಿರೀಕ್ಷಿಸುವಂತಿಲ್ಲ.

ಎಂಸಿಸಿ ಬಿ ಬ್ಲಾಕ್

ಹಾಗಿದ್ದರೆ ಕೊಳ್ಳುವ ಮೊದಲು ಅಳತೆ ನೋಡಿಕೊಳ್ಳಿ. ಬಯಲಿನಲ್ಲಿ ಕೂತಿರುವ ಬ್ಯಾಟರಿಗೆ ಒಂದೆರಡು ಸೆಂಟಿಮೀಟರ್ ಹೆಚ್ಚುಕಡಿಮೆ ನಡೆಯುತ್ತದೆ, ಪೆಟ್ಟಿಗೆಯೊಳಗಿನದಕ್ಕೆ ನಡೆಯುವುದಿಲ್ಲ.

ನಮ್ಮಲ್ಲಿ ಎರಡು ಪದ್ಧತಿಯ ಬ್ಯಾಟರಿಗಳು ಸಿಗುತ್ತವೆ. ಜಪಾನಿ ಪದ್ಧತಿಯಲ್ಲಿ 38ಬಿ20ಎಲ್ ಎಂಬಂಥ ಸಂಕೇತವಿರುತ್ತದೆ: ಮೊದಲ ಅಂಕಿ ಸಾಮರ್ಥ್ಯದ ದರ್ಜೆ, ಬಿ ಎಂಬುದು ಅಗಲ ಮತ್ತು ಎತ್ತರದ ವರ್ಗ, 20 ಎಂಬುದು ಸೆಂಟಿಮೀಟರಿನಲ್ಲಿ ಉದ್ದ, ಕೊನೆಯ ಅಕ್ಷರ ಧ್ರುವಗಳು ಯಾವ ಕಡೆ ಎಂಬುದರ ಗುರುತು. ಯುರೋಪಿನ ಪದ್ಧತಿಯವನ್ನು ಅಂಗಡಿಗಳಲ್ಲಿ ಡಿನ್ 44, ಡಿನ್ 60, ಡಿನ್ 74 ಎಂದು ಕರೆಯುತ್ತಾರೆ; ಅಂಕಿ ಆಂಪಿಯರ್-ಗಂಟೆಯ ಸಾಮರ್ಥ್ಯ. ನಿಮ್ಮದು ಬಹುಶಃ ಈ ಎರಡನೆಯ ಗುಂಪಿನದು. ಇಲ್ಲಿ ಒಂದು ಸೂಕ್ಷ್ಮವಿದೆ. 242 ಮಿಲಿಮೀಟರ್ ಉದ್ದ, 175 ಅಗಲದ ಒಂದೇ ಗಾತ್ರದ ತಳದಲ್ಲಿ ಎರಡು ಎತ್ತರಗಳು ಬರುತ್ತವೆ: 175 ಮತ್ತು 190 ಮಿಲಿಮೀಟರ್. ಗಿಡ್ಡನೆಯದು ಕೂರುವ ಜಾಗದಲ್ಲಿ ಎತ್ತರದ್ದನ್ನು ತುರುಕಿದರೆ ತಳದ ಹಿಡಿತವೆಲ್ಲ ಸರಿಯಾಗಿಯೇ ಕೂರುತ್ತದೆ. ತೊಂದರೆ ಬರುವುದು ಮೇಲೆ. ಪೆಟ್ಟಿಗೆಯ ಮುಚ್ಚಳ ಮುಚ್ಚುವುದಿಲ್ಲ, ಧನ ಧ್ರುವ ಹೊದಿಕೆಯ ಕೆಳಗಿನ ಲೋಹಕ್ಕೆ ತೀರಾ ಹತ್ತಿರವಾಗುತ್ತದೆ. ಗುಂಡಿಯಲ್ಲಿ ಕಾರು ಎಗರಿದಾಗ ಅಷ್ಟು ಅಂತರ ಸಾಲದೆ ಹೋಗಬಹುದು. ಆದ್ದರಿಂದ ಅಂಗಡಿಯವರು "ಎರಡೂ ಒಂದೇ ಸಾರ್" ಎಂದರೂ ಟೇಪ್ ಹಿಡಿದು ಅಳೆಯಿರಿ.

ಕಂಬದ ದಪ್ಪವನ್ನೂ ನೋಡಿ. ಮಾಮೂಲಿ ಕಂಬದಲ್ಲಿ ಧನ ಧ್ರುವ ಬುಡದಲ್ಲಿ 19.5 ಮಿಲಿಮೀಟರ್, ಋಣ ಧ್ರುವ 17.9, ಅದಲುಬದಲಾಗದಿರಲೆಂದೇ ಈ ವ್ಯತ್ಯಾಸ. ಜಪಾನಿ ಪದ್ಧತಿಯ ಸಣ್ಣ ಬ್ಯಾಟರಿಗಳಲ್ಲಿ ಕಂಬಗಳು ಇನ್ನೂ ತೆಳ್ಳಗಿರುತ್ತವೆ. ದಪ್ಪ ಕ್ಲಾಂಪಿಗೆ ತೆಳು ಕಂಬ ಸಿಕ್ಕಾಗ ನಡುವೆ ತಗಡಿನ ಚೂರು ತುರುಕುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅದನ್ನು ಒಪ್ಪಬೇಡಿ.

ಇಂಜಿನ್ ಸಿಗ್ನಲ್ಲಿನಲ್ಲಿ ತಾನಾಗಿ ನಿಂತು ಮತ್ತೆ ಶುರುವಾಗುವ ವ್ಯವಸ್ಥೆ ನಿಮ್ಮ ಕಾರಿನಲ್ಲಿದ್ದರೆ ಸಾಮಾನ್ಯ ಬ್ಯಾಟರಿ ಸಲ್ಲದು. ಪದೇಪದೇ ಸ್ಟಾರ್ಟ್ ಮಾಡುವುದನ್ನು ತಾಳುವಂತೆ ಬಲಪಡಿಸಿದ ಇಎಫ್‌ಬಿ, ಅಥವಾ ಆಮ್ಲವನ್ನು ಗಾಜಿನ ನಾರಿನ ಹಾಳೆಯಲ್ಲಿ ಹೀರಿಸಿಟ್ಟ ಎಜಿಎಂ ಬೇಕು. ಎಜಿಎಂ ಇದ್ದ ಜಾಗಕ್ಕೆ ಎಜಿಎಂ ಅನ್ನೇ ಹಾಕಬೇಕು.

ಬೆಣ್ಣೆದೋಸೆ ಪ್ರಿಯ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬಿಚ್ಚಿದ ಹಳೆಯ ಬ್ಯಾಟರಿಯನ್ನು ಮನೆಯ ಇನ್ವರ್ಟರಿಗೆ ಜೋಡಿಸಿಕೊಳ್ಳಬಹುದಲ್ಲವೇ? ಕರೆಂಟು ಹೋದಾಗ ಎರಡು ದೀಪ ಉರಿದರೂ ಸಾಕು ಎಂಬ ಲೆಕ್ಕ.

ಹಳೇ ಮಿಲ್ ಫಿಟ್ಟರ್

ಬೇಡ. ಕಾರಿನ ಬ್ಯಾಟರಿಯ ಫಲಕಗಳು ತೆಳ್ಳಗೆ, ಸಂಖ್ಯೆಯಲ್ಲಿ ಹೆಚ್ಚು. ಕೆಲವೇ ಸೆಕೆಂಡು ಭಾರೀ ಕರೆಂಟು ಕೊಟ್ಟು ಕೂಡಲೇ ತುಂಬಿಕೊಳ್ಳಲು ಮಾಡಿದ್ದು. ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಗಂಟೆಗಟ್ಟಲೆ ನಿಧಾನವಾಗಿ ಖಾಲಿಯಾಗಲು ಮಾಡಿದ್ದು. ಮೇಲಾಗಿ ಇನ್ವರ್ಟರ್ ಚಾರ್ಜ್ ಮಾಡುವ ಕರೆಂಟು 100–150 ಆಂಪಿಯರ್-ಗಂಟೆಯ ಬ್ಯಾಟರಿಗೆ ಹೊಂದಿಸಿದ್ದು. ಸಣ್ಣ, ಸತ್ತ ಬ್ಯಾಟರಿಗೆ ಅದನ್ನು ಕೊಟ್ಟರೆ ಅದು ಕುದಿಯುತ್ತದೆ, ಹೈಡ್ರೋಜನ್ ಬಿಡುತ್ತದೆ, ಅದೂ ಮನೆಯೊಳಗೆ.

ಹರಿಹರದ ಚಾಲಕ

ನಾನು ಇದೇ ರೀತಿಯ ಜೋಡಣೆಯ ಕಾರಿನಲ್ಲಿ ಈ ಕೆಲಸ ಮಾಡಿದ್ದೇನೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ವಿದ್ಯುತ್ತಿನ ಕೆಲಸ ಇದರಲ್ಲಿ ಎರಡು ನಟ್ಟುಗಳಷ್ಟೆ. ಉಳಿದದ್ದೆಲ್ಲ ಪ್ಲಾಸ್ಟಿಕ್ಕನ್ನು ಮುರಿಯದೆ ದಾರಿ ಬಿಡಿಸಿಕೊಳ್ಳುವ ಕೆಲಸ. ಅದಕ್ಕೆ ಬೇಕಾದದ್ದು ತಾಳ್ಮೆ ಮತ್ತು ಹಗಲಿನ ಬೆಳಕು. ಹೊತ್ತು ಮುಳುಗುವ ಸಮಯಕ್ಕೆ ಶುರುಮಾಡಬೇಡಿ.

ಕಾರನ್ನು ನೆರಳಿನಲ್ಲಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಚಾಲಕನ ಬದಿಯ ಗಾಜನ್ನು ಇಳಿಸಿ, ಡಿಕ್ಕಿಯನ್ನು ತೆರೆದೇ ಇಡಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಕರೆಂಟು ಹೋದ ಮೇಲೆ ಬಾಗಿಲು ತಾನಾಗಿ ಲಾಕ್ ಆದರೆ ಒಳಗೆ ಹೋಗಲು ದಾರಿ ಇರಬೇಕು. ಇಂಜಿನ್ ತಣ್ಣಗಾಗಲಿ. ಕೈಗಡಿಯಾರ, ಉಂಗುರ, ಕಡಗ, ಕೊರಳಿನ ಸರ ತೆಗೆದಿಡಿ.

ಮೊದಲು ವೈಪರ್ ತೋಳುಗಳು. ಅವು ಗಾಜಿನ ಮೇಲೆ ನಿಂತಿರುವ ಜಾಗವನ್ನು ಬಣ್ಣದ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ, ಇಲ್ಲವಾದರೆ ಮರುಜೋಡಣೆಯ ನಂತರ ಒಂದು ವೈಪರ್ ಗಾಜು ಬಿಟ್ಟು ಅದರ ಪಕ್ಕದ ಚೌಕಟ್ಟಿಗೆ ಹೊಡೆಯಬಹುದು. ಬುಡದ ಪ್ಲಾಸ್ಟಿಕ್ ಟೋಪಿ ಎತ್ತಿದರೆ ನಟ್ಟು ಕಾಣುತ್ತದೆ. ನಟ್ಟು ಬಿಚ್ಚಿದರೂ ತೋಳು ಅಲುಗದಿರುವುದು ಸಾಮಾನ್ಯ, ಏಕೆಂದರೆ ಹಲ್ಲುಗಳುಳ್ಳ ದಂಡಕ್ಕೆ ಅದು ವರ್ಷಗಟ್ಟಲೆ ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಸಿಂಪಡಿಸಿ ಹತ್ತು ನಿಮಿಷ ಬಿಡಿ. ನಟ್ಟನ್ನು ಒಂದೆರಡು ಸುತ್ತು ಮತ್ತೆ ಹಾಕಿ, ತೋಳನ್ನು ಎತ್ತಿ ಹಿಡಿದು ಎಡಬಲಕ್ಕೆ ಮೆಲ್ಲನೆ ಅಲ್ಲಾಡಿಸಿ. ಸ್ಕ್ರೂಡ್ರೈವರಿನಿಂದ ಮೀಟಿದರೆ ಗಾಜಿಗೆ ಅಪಾಯ. ಬರದಿದ್ದರೆ ಸಣ್ಣ ಪುಲ್ಲರ್ ತನ್ನಿ.

ಆಮೇಲೆ ಹೊದಿಕೆ. ಅಂಚಿನ ರಬ್ಬರ್ ಪಟ್ಟಿಯನ್ನು ಎಳೆದು ತೆಗೆಯಿರಿ. ಹೊದಿಕೆಯನ್ನು ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ಪುಗಳ ನಡುವಿನ ಗುಂಡಿಯನ್ನು ಮೊದಲು ಎತ್ತಬೇಕು, ನಂತರವೇ ಇಡೀ ಕ್ಲಿಪ್ಪು. ಹತ್ತು ವರ್ಷ ನಮ್ಮ ಬಿಸಿಲು ತಿಂದ ಈ ಕ್ಲಿಪ್ಪುಗಳು ಬಿಸ್ಕತ್ತಿನಂತೆ ಪುಡಿಯಾಗುತ್ತವೆ. ಅದಕ್ಕಾಗಿ ಅದೇ ಅಳತೆಯ ಹೊಸ ಕ್ಲಿಪ್ಪುಗಳನ್ನು ಮೊದಲೇ ತಂದಿಟ್ಟುಕೊಳ್ಳಿ, ಬಿಡಿಭಾಗದ ಅಂಗಡಿಗಳಲ್ಲಿ ಬಹಳ ಅಗ್ಗ. ಹೊದಿಕೆಯನ್ನು ಎತ್ತುವಾಗ ಕೆಳಗೆ ಗಾಜಿಗೆ ನೀರು ಚಿಮ್ಮಿಸುವ ಸಣ್ಣ ರಬ್ಬರ್ ಕೊಳವೆ ಜೋಡಿಸಿರಬಹುದು. ಅರ್ಧ ಎತ್ತಿ, ಕೈ ತೂರಿಸಿ, ಅದನ್ನು ಬಿಡಿಸಿ, ಆಮೇಲೆ ಪೂರ್ತಿ ತೆಗೆಯಿರಿ.

ಮೂರನೆಯದು ಗಾಳಿಯ ಕೊಳವೆ. ಅದರ ಮೇಲೆ ಸೆನ್ಸರಿನ ಕನೆಕ್ಟರ್ ಇದ್ದರೆ ಅದರ ನಾಲಿಗೆ ಒತ್ತಿ ಬಿಡಿಸಿ. ತಂತಿ ಹಿಡಿದು ಎಳೆಯಬೇಡಿ. ಕೊಳವೆ ತೆಗೆದ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ, ಬಟ್ಟೆಯ ಒಂದು ತುದಿ ಹೊರಗೆ ಕಾಣುವಂತಿರಲಿ. ಟರ್ಬೊ ಇರುವ ಡೀಸೆಲ್ ಇಂಜಿನ್ನಿನೊಳಗೆ ಒಂದು ನಟ್ಟು ಬಿದ್ದರೆ ಬ್ಯಾಟರಿಯ ಬೆಲೆ ಲೆಕ್ಕಕ್ಕೇ ಇಲ್ಲದಂತಾಗುತ್ತದೆ.

ಇಷ್ಟಾದ ಮೇಲೆ ಪೆಟ್ಟಿಗೆಯ ಮುಂದಿನ ಗೋಡೆ ಸಾಮಾನ್ಯವಾಗಿ ಮೇಲಕ್ಕೆ ಜಾರಿ ಬರುತ್ತದೆ. ಈಗ ಎರಡೂ ಟರ್ಮಿನಲ್ ಕಣ್ಣೆದುರು ಇರುತ್ತವೆ. ಋಣ ಕ್ಲಾಂಪನ್ನು ಮೊದಲು ಬಿಚ್ಚಿ, ಬಟ್ಟೆ ಸುತ್ತಿ ಪಕ್ಕಕ್ಕೆ ಬಾಗಿಸಿಡಿ, ನಂತರ ಧನ. ತಳದಲ್ಲಿ ಬ್ಯಾಟರಿಯನ್ನು ಅದುಮಿ ಹಿಡಿದ ಲೋಹದ ತುಂಡಿನ ಬೋಲ್ಟಿಗೆ ಉದ್ದನೆಯ ಎಕ್ಸ್‌ಟೆನ್ಷನ್ ಬೇಕು. ಆ ಬೋಲ್ಟು ಸಡಿಲವಾಗುತ್ತಾ ಬಂದಾಗ ಆಯಸ್ಕಾಂತದ ಕಡ್ಡಿಯನ್ನು ಬಳಸಿ. ಕೆಳಗೆ ಬಿದ್ದರೆ ಅದು ಇಂಜಿನ್ನಿನ ತಳದ ತಟ್ಟೆಯಲ್ಲಿ ಕೂರುತ್ತದೆ, ಹುಡುಕುವುದರಲ್ಲೇ ಸಂಜೆಯಾಗುತ್ತದೆ. 60 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು 15 ಕಿಲೋ ತೂಗುತ್ತದೆ. ಬಗ್ಗಿ, ಕೈ ಚಾಚಿ ಅಷ್ಟು ತೂಕವನ್ನು ಎತ್ತುವುದು ಸೊಂಟಕ್ಕೆ ಒಳ್ಳೆಯದಲ್ಲ. ಹಿಡಿಕೆ ಇರುವ ಬ್ಯಾಟರಿಯನ್ನೇ ಆರಿಸಿಕೊಳ್ಳಿ, ಇನ್ನೊಬ್ಬರು ಪಕ್ಕದಲ್ಲಿರಲಿ.

ದುರ್ಗದ ಎಲೆಕ್ಟ್ರಿಷಿಯನ್

ಹರಿಹರದವರು ಕ್ರಮವನ್ನು ಚೆನ್ನಾಗಿ ಬರೆದಿದ್ದಾರೆ. ಋಣ ಧ್ರುವ ಮೊದಲು ಏಕೆ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ಕಾರಣ ಗೊತ್ತಿದ್ದವನು ಅವಸರದಲ್ಲೂ ನಿಯಮ ತಪ್ಪುವುದಿಲ್ಲ. ಕಾರಿನ ಇಡೀ ಲೋಹದ ಮೈ ಋಣ ಧ್ರುವಕ್ಕೆ ಸೇರಿದೆ. ಋಣ ಕೇಬಲ್ ಇನ್ನೂ ಹಾಗೆಯೇ ಇರುವಾಗ ಧನ ಕ್ಲಾಂಪಿಗೆ ಸ್ಪ್ಯಾನರ್ ಹಾಕಿದರೆ, ಸ್ಪ್ಯಾನರಿನ ಬಾಲ ಎಲ್ಲಿ ಕಬ್ಬಿಣಕ್ಕೆ ತಗಲಿದರೂ ನೂರಾರು ಆಂಪಿಯರ್ ಅದರ ಮೂಲಕ ಹರಿಯುತ್ತದೆ. ಸ್ಪ್ಯಾನರ್ ಕೆಂಪಗೆ ಕಾಯ್ದು ಅಂಟಿಕೊಳ್ಳುವುದನ್ನು ನೋಡಿದವರು ಇದನ್ನು ಮರೆಯುವುದಿಲ್ಲ. ಋಣ ಕಳಚಿದ ಮೇಲೆ ಅದೇ ಸ್ಪ್ಯಾನರ್ ತಗಲಿದರೂ ಏನೂ ಆಗುವುದಿಲ್ಲ, ಏಕೆಂದರೆ ವರ್ತುಲ ಪೂರ್ತಿಯಾಗುವುದಿಲ್ಲ. ಜೋಡಿಸುವಾಗ ಇದೇ ಕಾರಣಕ್ಕೆ ಧನ ಮೊದಲು, ಋಣ ಕೊನೆಗೆ.

ನಿಮ್ಮ ಕಾರಿನಲ್ಲಿ ಋಣ ಧ್ರುವವೇ ಹೊದಿಕೆಯಡಿ ಇದ್ದರೆ ಒಂದು ಉಪಾಯವಿದೆ. ಆ ಕೇಬಲ್ಲಿನ ಇನ್ನೊಂದು ತುದಿಯನ್ನು ಕಾರಿನ ಮೈಗೆ ಬೋಲ್ಟಿನಿಂದ ಬಿಗಿದಿರುತ್ತಾರೆ; ಅದು ಸಾಮಾನ್ಯವಾಗಿ ಸುಲಭವಾಗಿ ಕೈಗೆ ಸಿಗುತ್ತದೆ. ಆ ತುದಿಯನ್ನು ಮೊದಲು ಬಿಚ್ಚಿದರೂ ಫಲ ಒಂದೇ. ಆದರೆ ಕೆಲವು ಕಾರುಗಳಲ್ಲಿ ಋಣ ಧ್ರುವದಿಂದ ಎರಡು ಕೇಬಲ್ ಹೊರಡುತ್ತವೆ, ಒಂದು ಮೈಗೆ, ಇನ್ನೊಂದು ಗೇರ್‌ಬಾಕ್ಸಿಗೆ. ಎರಡನ್ನೂ ಬಿಚ್ಚದೆ ಕೆಲಸ ಮುಂದುವರಿಸಬಾರದು. ಋಣ ಕ್ಲಾಂಪಿನ ಮೇಲೆ ತಂತಿ ಬಂದಿರುವ ಸಣ್ಣ ಪೆಟ್ಟಿಗೆ ಇದ್ದರೆ ಅದು ಬ್ಯಾಟರಿಯ ಸೆನ್ಸರ್. ಅದನ್ನು ಮೀಟಬೇಡಿ, ಸುತ್ತಿಗೆ ತಾಗಿಸಬೇಡಿ. ಅಂದಹಾಗೆ ಯಾವ ಕ್ಲಾಂಪಿಗೂ ಸುತ್ತಿಗೆ ಬೇಡ. ಕಂಬ ಒಳಗೆ ಫಲಕಗಳಿಗೆ ಸೇರುವ ಬೆಸುಗೆ ಬಿಟ್ಟುಹೋಗುತ್ತದೆ.

ಬಿಳಿ ಅಥವಾ ಹಸಿರು ಹುಡಿ ಇದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಕಣ್ಣಿಗೆ ಕನ್ನಡಕ ಇರಲಿ. ಅದರಲ್ಲಿ ಗಂಧಕಾಮ್ಲದ ಅಂಶ ಇರಬಹುದು.

ಎಂಸಿಸಿ ಬಿ ಬ್ಲಾಕ್

ಗಡಿಯಾರ, ರೇಡಿಯೊ ಎಲ್ಲ ಮರೆತುಹೋಗದಂತೆ ಓಬಿಡಿ ಕಿಂಡಿಗೆ (ಮೆಕ್ಯಾನಿಕ್‌ಗಳು ಸ್ಕ್ಯಾನರ್ ಜೋಡಿಸುವ ಜಾಗ) ಸಣ್ಣ ಬ್ಯಾಟರಿ ಜೋಡಿಸಿ ನೆನಪು ಉಳಿಸುವ ಸಾಧನ ಸಿಗುತ್ತದಲ್ಲ, ಅದನ್ನು ಬಳಸಬಹುದೇ?

ದುರ್ಗದ ಎಲೆಕ್ಟ್ರಿಷಿಯನ್

ಬಳಸಬಹುದು, ಆದರೆ ಇಂಥ ಕಾರಿನಲ್ಲಿ ನಾನು ಬಳಸುವುದಿಲ್ಲ. ಅದನ್ನು ಜೋಡಿಸಿದಾಗ ಬ್ಯಾಟರಿಯಿಂದ ಕಳಚಿದ ಧನ ಕ್ಲಾಂಪಿನಲ್ಲೂ 12 ವೋಲ್ಟ್ ಜೀವಂತವಾಗಿರುತ್ತದೆ. ಇಕ್ಕಟ್ಟಿನಲ್ಲಿ ಅದು ಕಬ್ಬಿಣಕ್ಕೆ ತಗಲಿದರೆ ಓಬಿಡಿಯ ಫ್ಯೂಸಿಗೋ ಅದಕ್ಕಿಂತ ದುಬಾರಿಯಾದ ಯಾವುದಕ್ಕೋ ಪೆಟ್ಟು. ಗಡಿಯಾರ ಸರಿಪಡಿಸಲು ಒಂದು ನಿಮಿಷ ಸಾಕು. ರೇಡಿಯೊಗೆ ಗುಪ್ತ ಸಂಖ್ಯೆ ಬೇಕಾದ ಮಾದರಿಯಾಗಿದ್ದರೆ ಮಾತ್ರ ಕಾರಿನ ಕೈಪಿಡಿಯಲ್ಲಿ ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಆ ಚೀಟಿ ಕಳೆದುಹೋಗಿರುವುದೇ ಹೆಚ್ಚು.

ಜೋಗಿಮಟ್ಟಿ ರಸ್ತೆ

ವಿಷಯ ಇದೇ ಆದ್ದರಿಂದ ಬೇರೆ ಕಡೆ ಬ್ಯಾಟರಿ ಅಡಗಿರುವ ಕಾರುಗಳವರಿಗೆ ಎರಡು ಮಾತು. ಬಿಎಂಡಬ್ಲ್ಯೂ ಕಂಪನಿಯ ಹಲವು ಕಾರುಗಳಲ್ಲಿ ಬ್ಯಾಟರಿ ಡಿಕ್ಕಿಯ ಬಲಬದಿಯಲ್ಲಿದೆ. ಟೊಯೋಟಾ ಪ್ರಿಯಸ್‌ನ ಎರಡು ಮತ್ತು ಮೂರನೆಯ ಪೀಳಿಗೆಯಲ್ಲಿ 12 ವೋಲ್ಟಿನದು ಹಿಂಬದಿಯ ಬಲ ಮೂಲೆಯಲ್ಲಿದೆ. ಫೋಕ್ಸ್‌ವ್ಯಾಗನ್ ಟೂರೆಗ್, ಆಡಿ ಕ್ಯೂ7ಗಳ ಮೊದಲ ಪೀಳಿಗೆಯಲ್ಲಿ ಮುಂದಿನ ಆಸನದ ಅಡಿಯಲ್ಲಿದೆ. ಜನ ಕುಳಿತುಕೊಳ್ಳುವ ಭಾಗದಲ್ಲೋ ಡಿಕ್ಕಿಯಲ್ಲೋ ಬ್ಯಾಟರಿ ಇದ್ದರೆ ಅನಿಲ ಹೊರಹೋಗಲು ಒಂದು ಸಣ್ಣ ಕೊಳವೆ ಇರುತ್ತದೆ. ಹೊಸ ಬ್ಯಾಟರಿಯಲ್ಲೂ ಅದಕ್ಕೆ ಕಿಂಡಿ ಇರಬೇಕು, ಕೊಳವೆಯನ್ನು ತಪ್ಪದೆ ಮತ್ತೆ ಜೋಡಿಸಬೇಕು, ಇನ್ನೊಂದು ಬದಿಯ ಕಿಂಡಿಗೆ ಬಿರಡೆ ಹಾಕಬೇಕು. ಇಲ್ಲವಾದರೆ ಹೈಡ್ರೋಜನ್ ಮುಚ್ಚಿದ ಕಾರಿನೊಳಗೇ ಸೇರುತ್ತದೆ.

ಡಿಕ್ಕಿಯ ಬೀಗವೇ ವಿದ್ಯುತ್ತಿನಿಂದ ತೆರೆಯುವಂಥದ್ದಾಗಿ, ಬ್ಯಾಟರಿ ಪೂರ್ತಿ ಸತ್ತಿದ್ದರೆ, ಒಳಗೆ ಕೈ ಹಾಕುವುದಾದರೂ ಹೇಗೆ? ಅದಕ್ಕಾಗಿಯೇ ಇಂಥ ಹಲವು ಕಾರುಗಳ ಬಾನೆಟ್ಟಿನ ಕೆಳಗೆ ಕೆಂಪು ಮುಚ್ಚಳದ ಅಡಿಯಲ್ಲಿ ಒಂದು ಧನ ಬಿಂದು ಇಟ್ಟಿರುತ್ತಾರೆ. ಅಲ್ಲಿಗೆ ಬೇರೆ ಬ್ಯಾಟರಿಯಿಂದ ಕರೆಂಟು ಕೊಟ್ಟರೆ ಡಿಕ್ಕಿ ತೆರೆಯುತ್ತದೆ. ಆಸನದ ಅಡಿಯಲ್ಲಿದ್ದರೆ ಹಳದಿ ಬಣ್ಣದ ಕನೆಕ್ಟರುಗಳನ್ನು ಮುಟ್ಟಬೇಡಿ, ಅವು ಏರ್‌ಬ್ಯಾಗಿನವು. ಹೈಬ್ರಿಡ್ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನಂತೂ ದೂರದಿಂದಲೇ ನೋಡಬೇಕು. ಇವುಗಳ ಪೈಕಿ ಕೆಲವಕ್ಕೆ ಹೊಸ ಬ್ಯಾಟರಿ ಹಾಕಿದ ಮೇಲೆ ಕಾರಿನ ಕಂಪ್ಯೂಟರಿಗೆ ಅದನ್ನು ಸ್ಕ್ಯಾನರಿನಿಂದ ನೋಂದಾಯಿಸಬೇಕಾಗುತ್ತದೆ, ಆದ್ದರಿಂದ ಮನೆಯ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ.

ನಿಟ್ಟುವಳ್ಳಿ ನಿವಾಸಿ

ಕೆಲಸ ಮುಗಿಯಿತು. ಎಲ್ಲರಿಗೂ ಕೃತಜ್ಞತೆಗಳು. ಮುಂದೆ ಓದುವವರಿಗೆ ಉಪಯೋಗವಾಗಲೆಂದು ಕಂಡದ್ದನ್ನು ಬರೆಯುತ್ತೇನೆ.

ಕಷ್ಟವಾದದ್ದು ಚಾಲಕನ ಬದಿಯ ವೈಪರ್ ತೋಳು ಮಾತ್ರ. ಎಣ್ಣೆ ಹಾಕಿ, ಚಹಾ ಕುಡಿದು ಬಂದ ಮೇಲೆ ಅದು ಬಿಟ್ಟುಕೊಂಡಿತು. ಹೊದಿಕೆ ಎತ್ತಿದಾಗ ಕೆಳಗೆ ಒಂದು ಬೊಗಸೆಗೂ ಹೆಚ್ಚು ಹೊಂಗೆ ಎಲೆ ಸಿಕ್ಕಿತು. ನಮ್ಮ ಮನೆ ಮುಂದಿನ ಮರದ ಅಡಿಯಲ್ಲೇ ಕಾರು ನಿಲ್ಲುವುದು. ಅವು ಕೊಳೆತು ಕರಿ ಮಣ್ಣಾಗಿ, ನೀರು ಹರಿದುಹೋಗುವ ರಂಧ್ರದ ಬಾಯಿಯನ್ನೇ ಮುಚ್ಚಿದ್ದವು. ಬ್ಯಾಟರಿಯ ಪೆಟ್ಟಿಗೆಯ ತಳ ತೇವವಾಗಿದ್ದುದರ ಕಾರಣ ಆಗ ತಿಳಿಯಿತು. ಹೊಸದನ್ನು ಅಂಗಡಿಯಲ್ಲೇ ಅಳೆದು 175 ಮಿಲಿಮೀಟರ್ ಎತ್ತರದ್ದನ್ನೇ ತಂದಿದ್ದೆ. ಹಳೆಯದರ ಪಕ್ಕದಲ್ಲಿಟ್ಟು ಧನ ಧ್ರುವ ಒಂದೇ ಕಡೆ ಇದೆಯೆಂದು ನೋಡಿಕೊಂಡೇ ಒಳಗೆ ಇಳಿಸಿದೆ. ಋಣ ಕೇಬಲ್ಲಿನ ಮೈಯ ತುದಿ ಬಲಬದಿಯ ಸಸ್ಪೆನ್ಷನ್ ಗೋಪುರದ ಪಕ್ಕದಲ್ಲೇ ಇತ್ತು. ದುರ್ಗದವರ ಉಪಾಯದಂತೆ ಅಲ್ಲಿಂದಲೇ ಆರಂಭಿಸಿದ್ದರಿಂದ ಉಳಿದದ್ದನ್ನು ನಿರಾತಂಕವಾಗಿ ಮಾಡಿದೆ.

ಈಗ ಬೆಳಗಿನ ವೋಲ್ಟೇಜ್ 12.6 ಇದೆ. ಎರಡು ಸಂದೇಹಗಳು ಉಳಿದಿವೆ. ಚಾಲಕನ ಬದಿಯ ಗಾಜು ಒಂದೇ ಒತ್ತಿಗೆ ಪೂರ್ತಿ ಏರುತ್ತಿದ್ದುದು ಈಗ ಏರುತ್ತಿಲ್ಲ. ಜೊತೆಗೆ ಪರಿಚಿತ ಮೆಕ್ಯಾನಿಕ್ ಒಬ್ಬರು, ಆಲ್ಟರ್ನೇಟರ್ ನೋಡಲು ಇಂಜಿನ್ ಓಡುವಾಗ ಒಮ್ಮೆ ಬ್ಯಾಟರಿ ವಯರ್ ಎತ್ತಿ ನೋಡಿ ಎಂದಿದ್ದಾರೆ. ಅದು ಸರಿಯೇ?

ದುರ್ಗದ ಎಲೆಕ್ಟ್ರಿಷಿಯನ್

ಎರಡನೆಯದನ್ನು ಖಂಡಿತ ಮಾಡಬೇಡಿ. ಹಳೆಯ ಟ್ರ್ಯಾಕ್ಟರುಗಳ ಕಾಲದ ಪರೀಕ್ಷೆ ಅದು. ಓಡುತ್ತಿರುವ ಆಲ್ಟರ್ನೇಟರಿನಿಂದ ಬ್ಯಾಟರಿಯನ್ನು ಏಕಾಏಕಿ ಕಿತ್ತರೆ, ಅಷ್ಟು ಹೊತ್ತು ಬ್ಯಾಟರಿ ಹೀರುತ್ತಿದ್ದ ಕರೆಂಟಿಗೆ ಹೋಗಲು ದಾರಿಯಿಲ್ಲದೆ ವೋಲ್ಟೇಜ್ ಕ್ಷಣಮಾತ್ರ ಹತ್ತಾರು ವೋಲ್ಟಿನವರೆಗೆ ಜಿಗಿಯುತ್ತದೆ. ಬ್ಯಾಟರಿ ಇದ್ದಾಗ ಆ ಜಿಗಿತವನ್ನು ಅದೇ ನುಂಗಿಕೊಳ್ಳುತ್ತದೆ. ಇಲ್ಲದಿದ್ದಾಗ ಇಂಜಿನ್ನಿನ ಕಂಪ್ಯೂಟರ್ ಅದನ್ನು ತಡೆದುಕೊಳ್ಳಬೇಕು. ನಿಮ್ಮ ಮೀಟರ್ 14.2 ತೋರಿಸಿದ್ದೇ ಸಾಕು. ಕೆಲವು ಹೊಸ ಕಾರುಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರೇ ನಿಯಂತ್ರಿಸುವುದರಿಂದ 13ಕ್ಕಿಂತ ಕೆಳಗೂ ಕೆಲವೊಮ್ಮೆ ಕಾಣಬಹುದು, ಅದು ದೋಷವಲ್ಲ.

ಗಾಜಿಗೆ ಚಿಕಿತ್ಸೆ ಸುಲಭ. ಸ್ವಿಚ್ಚನ್ನು ಎತ್ತಿ ಹಿಡಿದು ಗಾಜು ಪೂರ್ತಿ ಮುಚ್ಚಿದ ಮೇಲೂ ಕೆಲವು ಸೆಕೆಂಡು ಹಾಗೇ ಹಿಡಿದಿಡಿ, ಬಿಡಿ, ಇನ್ನೊಮ್ಮೆ ಹಾಗೆಯೇ ಮಾಡಿ. ಹೆಚ್ಚಿನ ಕಾರುಗಳಲ್ಲಿ ಅಷ್ಟಕ್ಕೇ ಅದು ತನ್ನ ಮಿತಿಯನ್ನು ಮತ್ತೆ ಕಲಿಯುತ್ತದೆ. ಸ್ಟೀರಿಂಗಿಗೆ ಸಂಬಂಧಿಸಿದ ದೀಪ ಉರಿಯುತ್ತಿದ್ದರೆ ನಿಂತಲ್ಲೇ ಚಕ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಸ್ವಲ್ಪ ದೂರ ನೇರವಾಗಿ ಓಡಿಸಿ.

ಹರಿಹರದ ಚಾಲಕ

ಹಳೆಯ ಬ್ಯಾಟರಿ ಇನ್ನೂ ಮನೆಯಲ್ಲೇ ಇದ್ದರೆ ಗುಜರಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮನೆಯ ಕಸದಲ್ಲಿ ಬೆರೆಸದೆ, ಸಂಗ್ರಹ ಅಥವಾ ಮರುಬಳಕೆಯ ಕೆಲಸದಲ್ಲಿರುವವರಿಗೆ ಒಪ್ಪಿಸುವುದು ಬಳಸಿದವರ ಹೊಣೆ. ಹೊಸದನ್ನು ಕೊಂಡ ಅಂಗಡಿಗೆ ಕೊಟ್ಟರೆ ಬೆಲೆಯಲ್ಲೂ ಕಡಿತ ಸಿಗುತ್ತದೆ. ಒಯ್ಯುವಾಗ ನೆಟ್ಟಗೆ ನಿಲ್ಲಿಸಿ, ಎರಡೂ ಕಂಬಗಳಿಗೆ ಟೇಪ್ ಸುತ್ತಿ. ನೀವೇ ಜೋಡಿಸಿಕೊಂಡದ್ದರಿಂದ ವಾರಂಟಿ ಕಾರ್ಡಿನ ಮೇಲೆ ಬ್ಯಾಟರಿಯ ಕ್ರಮಸಂಖ್ಯೆ, ಮಾರಿದ ದಿನಾಂಕ, ಅಂಗಡಿಯ ಮುದ್ರೆ ಮೂರೂ ಇವೆಯೇ ಎಂದು ಅದೇ ಸಮಯದಲ್ಲಿ ನೋಡಿಕೊಳ್ಳಿ.

ಹಳೇ ಮಿಲ್ ಫಿಟ್ಟರ್

ಆ ಹೊಂಗೆ ಎಲೆಯ ಬಗ್ಗೆ ಒಂದು ಮಾತು. ಎಲೆ ತೆಗೆದರಷ್ಟೇ ಸಾಲದು, ರಂಧ್ರದೊಳಗಿನ ಕೊಳವೆಯಲ್ಲೂ ಮಣ್ಣು ಇರಬಹುದು. ಬಾನೆಟ್ ಎತ್ತಿ ಹೊದಿಕೆಯ ಜಾಲರಿಯ ಮೇಲೆ ಒಂದು ಚೊಂಬು ನೀರನ್ನು ನಿಧಾನವಾಗಿ ಸುರಿದು, ಮುಂದಿನ ಚಕ್ರದ ಹಿಂದಿನಿಂದ ನೆಲಕ್ಕೆ ಇಳಿಯುತ್ತದೆಯೇ ನೋಡಿ. ಇಳಿಯದಿದ್ದರೆ ಮಳೆಗಾಲದಲ್ಲಿ ಆ ನೀರು ಬ್ಯಾಟರಿಯ ಪೆಟ್ಟಿಗೆಯಲ್ಲೂ ಮುಂದಿನ ಆಸನದವರ ಕಾಲಡಿಯಲ್ಲೂ ನಿಲ್ಲುತ್ತದೆ. ಮೃದುವಾದ ಪ್ಲಾಸ್ಟಿಕ್ ಕೊಳವೆಯನ್ನು ಮೇಲಿನಿಂದ ತೂರಿಸಿ ಬಿಡಿಸಿ. ಕಬ್ಬಿಣದ ತಂತಿ ಹಾಕಿದರೆ ತುದಿಯ ರಬ್ಬರ್ ಹರಿಯುತ್ತದೆ.